ಅನಿಚ್ಚ ಎಂದು ಯಾರ ಮೂಳೆಗೆ ಹೇಳುತ್ತಿದ್ದೇವೆ?



ಕಳೆದ ಭಾನುವಾರದ ಅಧ್ಯಯನದಲ್ಲಿ ದೇಹದ 32 ಭಾಗಗಳನ್ನು ಓದಿದೆವು. ಕೂದಲು, ರೋಮ, ಉಗುರು, ಹಲ್ಲು, ಚರ್ಮ ಎಂದು ಹೊರಗಿನಿಂದ ಒಳಕ್ಕೆ ಇಳಿಯುತ್ತ ಎಂಟನೆಯದಾಗಿ 'ಅಟ್ಠಿ', ಅಂದರೆ ಮೂಳೆ ಬರುತ್ತದೆ. ಅದರ ಹಿಂದೆಯೇ 'ಅಟ್ಠಿಮಿಂಜ', ಮೂಳೆಯೊಳಗಿನ ಮಜ್ಜೆ. ಅಲ್ಲಿಗೆ ಬಂದಾಗ ನಮ್ಮ ಉಪಾಸಕರೊಬ್ಬರು ಒಂದು ಪ್ರಶ್ನೆ ಎತ್ತಿದರು. ಕೊನೆಗೆ ಪುಡಿಯಾಗಿ ಹೋಗುವ ಈ ಮೂಳೆಗೆ ಸ್ಕ್ಯಾನು, ಮಾತ್ರೆ, ಇಂಜೆಕ್ಷನ್ನು ಎಂದು ಉಪಚಾರ ಮಾಡುವುದು ದೇಹದ ಮೇಲಿನ ಮೋಹವಲ್ಲವೇ? ಎಲ್ಲವೂ ಅನಿಚ್ಚ ಎಂದು ಒಪ್ಪಿದ ಮೇಲೆ, ವಯಸ್ಸಾಯಿತು, ಸವೆಯಲಿ ಎಂದು ಬಿಟ್ಟುಬಿಡುವುದೇ ಸಮಚಿತ್ತವಲ್ಲವೇ? ಅಂದು ಹೊತ್ತಾಗಿತ್ತು, ಚರ್ಚೆ ಮುಂದೆ ಹೋಗಲಿಲ್ಲ. ಇಂದಿನ ಚಿಂತನೆಯ ಸರದಿ ನನ್ನದಾದ್ದರಿಂದ ಆ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇನೆ.

ಮೊದಲು ಪದದ ವಿಷಯ. ಕನ್ನಡ ಪಾಠ ಮಾಡುವವಳಿಗೆ ಪದ ಕಾಲಿಗೆ ತೊಡರದೆ ಇರುವುದಿಲ್ಲ. ನಮ್ಮಲ್ಲಿ ಮಂಡಿ ನೋವಿಗೂ 'ಮೂಳೆ ಸವೆತ' ಎನ್ನುತ್ತೇವೆ, ಬೆನ್ನು ಬಾಗಿದರೂ 'ಮೂಳೆ ಸವೆತ' ಎನ್ನುತ್ತೇವೆ. ಇವೆರಡೂ ಬೇರೆ. ಮಂಡಿಯಲ್ಲಿ ಸವೆಯುವುದು ಎರಡು ಮೂಳೆಗಳು ಕೂಡುವ ಜಾಗದ ಮೃದ್ವಸ್ಥಿ, ಆ ಮೆತ್ತನೆಯ ಹೊದಿಕೆ. ಅದು ಸಂಧಿವಾತ, ನೋವು ಕೊಟ್ಟು ತನ್ನ ಇರವನ್ನು ತಿಳಿಸುತ್ತದೆ. ಆಸ್ಟಿಯೋಪೊರೋಸಿಸ್ ಎಂಬುದು ಸವೆತವೇ ಅಲ್ಲ. ಮೂಳೆ ಹೊರಗಿನಿಂದ ಹಾಗೆಯೇ ಕಾಣುತ್ತ ಒಳಗೆ ಟೊಳ್ಳಾಗುವುದು. ಗೆದ್ದಲು ಹಿಡಿದ ತೊಲೆಯನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಇದಕ್ಕೆ ನೋವಿಲ್ಲ, ಊತವಿಲ್ಲ, ಸದ್ದಿಲ್ಲ. ಮುರಿದ ದಿನವೇ ಗೊತ್ತಾಗುವುದು.

ಇನ್ನೊಂದು ಪದ 'ಅಸ್ಥಿ'. ಪಾಳಿಯ ಅಟ್ಠಿಯೂ ಸಂಸ್ಕೃತದ ಅಸ್ಥಿಯೂ ಒಂದೇ ಬೇರಿನವು. ಆದರೆ ಆಡುಗನ್ನಡದಲ್ಲಿ ಬದುಕಿರುವವರ ಮೈಯಲ್ಲಿ ಇರುವುದು ಮೂಳೆ, ಸುಟ್ಟ ಮೇಲೆ ಮಡಕೆಯಲ್ಲಿ ತುಂಬಿಕೊಂಡು ಬರುವುದು ಅಸ್ಥಿ. ನಮ್ಮ ಪ್ರಶ್ನೆಯ ತೊಡಕು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಧ್ಯಾನದಲ್ಲಿ ಮೂಳೆ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಸ್ಮಶಾನದ ಬಿಳಿ ಎಲುಬು. ಮೈಯೊಳಗೆ ಈ ಹೊತ್ತು ಇರುವುದು ಅದಲ್ಲ.

ನಮ್ಮ ಶಾಲೆಯ ವಿಜ್ಞಾನದ ಮೇಡಂ ಏಳನೇ ತರಗತಿಗೆ ಪ್ರತಿ ವರ್ಷ ಒಂದು ಪ್ರಯೋಗ ಮಾಡಿ ತೋರಿಸುತ್ತಾರೆ. ಕೋಳಿಯ ತೊಡೆಮೂಳೆಯನ್ನು ತೊಳೆದು ವಿನೆಗರ್ ತುಂಬಿದ ಬಾಟಲಿಯಲ್ಲಿ ಮುಳುಗಿಸಿ ಇಡುವುದು. ಕೆಲವು ದಿನ ಬಿಟ್ಟು ತೆಗೆದರೆ ಅದು ರಬ್ಬರಿನ ಹಾಗೆ ಬಾಗುತ್ತದೆ. ಹುಳಿಗೆ ಕ್ಯಾಲ್ಸಿಯಂ ಕರಗಿಹೋಗಿ, ಕೊಲಾಜೆನ್ ಎಂಬ ಪ್ರೋಟೀನಿನ ನಾರು ಮಾತ್ರ ಉಳಿದಿರುತ್ತದೆ. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಸುಟ್ಟರೆ ನಾರು ಉರಿದುಹೋಗಿ ಖನಿಜ ಮಾತ್ರ ಉಳಿಯುತ್ತದೆ, ಬೆರಳಿನಲ್ಲಿ ಒತ್ತಿದರೆ ಪುಡಿ. ಎರಡೂ ಕೂಡಿದರೆ ಮೂಳೆ. ಒಂದು ಬಾಗಲು, ಒಂದು ಬಿಗಿಯಾಗಿರಲು. ನಾರಿದ್ದೂ ಅದರ ಮೇಲೆ ಖನಿಜ ಕೂರದಿದ್ದರೆ ಮೂಳೆ ಮೆತ್ತಗಾಗುತ್ತದೆ. ವಿಟಮಿನ್ ಡಿ ಸಾಲದ ಮಕ್ಕಳಲ್ಲಿ ಕಾಲು ಬಿಲ್ಲಾಗುವ ರಿಕೆಟ್ಸ್ ಈ ಬಗೆಯದು, ದೊಡ್ಡವರಿಗೆ ಬಂದರೆ ಅದಕ್ಕೆ ಆಸ್ಟಿಯೋಮಲೇಶಿಯಾ ಎನ್ನುತ್ತಾರೆ. ಟೊಳ್ಳು ಮೂಳೆಯ ಕಥೆ ಬೇರೆ. ಅಲ್ಲಿ ನಾರೂ ಖನಿಜವೂ ಒಟ್ಟಿಗೇ ಕಡಿಮೆಯಾಗುತ್ತವೆ, ಉಳಿದದ್ದರ ಹದ ಸರಿಯಿದ್ದರೂ ಮೂಳೆಯೇ ಕಡಿಮೆ. ದಪ್ಪವಾದರೆ ಗಟ್ಟಿ ಎಂದುಕೊಳ್ಳುವುದೂ ಸರಿಯಲ್ಲ. ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದವರ ವಿಷಯ ನಿಮಗೆ ಗೊತ್ತು. ಫ್ಲೋರೋಸಿಸ್ ಹಿಡಿದ ಮೂಳೆ ಎಕ್ಸ್‌ರೇಯಲ್ಲಿ ಸಾಂದ್ರವಾಗಿ ಕಂಡರೂ ಒಳಗೆ ಪೆಡಸು.

ಮೂಳೆಯ ಹೊರಪದರ ಗಟ್ಟಿ, ಒಳಗೆ ಜೇನುಗೂಡಿನಂಥ ಜಾಲ. ಅಸ್ಥಿಪಂಜರದ ತೂಕದಲ್ಲಿ ಸುಮಾರು 80 ಭಾಗ ಗಟ್ಟಿ ಮೂಳೆ, 20 ಭಾಗ ಈ ಜಾಲ. ಬೆನ್ನುಮೂಳೆಯ ಮಣಿಗಳಲ್ಲಿ, ಸೊಂಟದ ಹತ್ತಿರ, ಮಣಿಕಟ್ಟಿನಲ್ಲಿ ಜಾಲವೇ ಹೆಚ್ಚು. ಅದಕ್ಕೇ ಮೊದಲು ಮುರಿಯುವವೂ ಇವೇ.

ಈಗ ಅನಿಚ್ಚಕ್ಕೆ ಬರೋಣ. ಮೂಳೆಯಲ್ಲಿ ಎರಡು ಬಗೆಯ ಜೀವಕೋಶಗಳು ಹಗಲಿರುಳು ಕೆಲಸದಲ್ಲಿವೆ. ಆಸ್ಟಿಯೋಕ್ಲಾಸ್ಟ್ ಎಂಬವು ಹಳೆಯ ಮೂಳೆಯನ್ನು ಕೆಡವುತ್ತವೆ, ಆಸ್ಟಿಯೋಬ್ಲಾಸ್ಟ್ ಎಂಬವು ಅಲ್ಲಿ ಹೊಸದು ಕಟ್ಟುತ್ತವೆ. ಒಂದು ಜಾಗವನ್ನು ಕೆಡವಲು ಎರಡು ಮೂರು ವಾರ ಸಾಕು, ಕಟ್ಟಲು ಮೂರು ನಾಲ್ಕು ತಿಂಗಳು ಬೇಕು. ಮನೆ ಕಟ್ಟಿಸಿದವರಿಗೆ ಈ ಲೆಕ್ಕ ಹೊಸದಲ್ಲ. ಹೀಗೆ ವರ್ಷಕ್ಕೆ ನಮ್ಮ ಅಸ್ಥಿಪಂಜರದ ಹತ್ತರಲ್ಲೊಂದು ಭಾಗ ಹೊಸದಾಗುತ್ತದೆ. ಹತ್ತು ವರ್ಷದ ಹಿಂದೆ ಈ ಗುಂಪಿನಲ್ಲಿ ಬಂದು ಕೂತ ನನ್ನ ಮೂಳೆಯೂ ಇಂದಿನದೂ ಹೆಚ್ಚೂಕಡಿಮೆ ಬೇರೆ ಬೇರೆ. ಮೈಯಲ್ಲಿ ಎಲ್ಲಕ್ಕಿಂತ ಸ್ಥಿರ ಎಂದುಕೊಂಡ ವಸ್ತುವೇ ಹೀಗೆ ಹರಿಯುತ್ತಿದೆ.

ಆದರೆ ಗಮನಿಸಿ, ಇಲ್ಲಿ ಅನಿಚ್ಚ ಎಂದರೆ ನಶಿಸುವುದು ಮಾತ್ರ ಅಲ್ಲ. ಕಟ್ಟುವುದೂ ಅನಿಚ್ಚವೇ. ಉದಯ, ವ್ಯಯ ಎರಡನ್ನೂ ನೋಡು ಎಂದೇ ನಾವು ಕಲಿತದ್ದು. ನಾವು ಮಾತ್ರ ಮುಪ್ಪಿನ ಎದುರು ನಿಂತಾಗ ವ್ಯಯವನ್ನಷ್ಟೇ ನೋಡಿ, ಅದಕ್ಕೆ ಅನಿಚ್ಚ ಎಂದು ಹೆಸರಿಟ್ಟು ಎದ್ದುಬಿಡುತ್ತೇವೆ. ಮೂಳೆ ಟೊಳ್ಳಾಗುವುದು ಕೆಡವುವಿಕೆಯಿಂದಲ್ಲ, ಕೆಡವಿದಷ್ಟು ಕಟ್ಟಲಾಗದೆ ಹೋಗುವುದರಿಂದ. ಹಾಗಾಗದಿರಲು ಕಾರಣಗಳಿವೆ, ಆಗಲೂ ಕಾರಣಗಳಿವೆ. ಪಟಿಚ್ಚಸಮುಪ್ಪಾದ ಓದುವವರು ಇಲ್ಲಿ ಕಾರಣ ಕೇಳದೆ ಹೋಗುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಮೂವತ್ತರ ಹೊತ್ತಿಗೆ ಮೂಳೆ ತನ್ನ ಗರಿಷ್ಠಕ್ಕೆ ತಲುಪುತ್ತದೆ. ಅಲ್ಲಿಯವರೆಗೆ ಕೂಡಿಟ್ಟದ್ದೇ ಮುಂದಿನ ಖರ್ಚಿಗೆ. ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಭಾಗ ಮೂಳೆ ಮತ್ತು ಹಲ್ಲಿನಲ್ಲಿದೆ. ಉಳಿದ ಒಂದು ಭಾಗದಲ್ಲಿ ರಕ್ತದಲ್ಲಿ ಓಡಾಡುವ ಪಾಲು ಕಡಿಮೆಯಾಗುವ ಹಾಗಿಲ್ಲ, ಆದರೆ ಹೃದಯದ ಬಡಿತವೇ ಏರುಪೇರು. ಊಟದಿಂದ ಬರದಿದ್ದರೆ ಕೊರಳಿನ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಮೂಳೆ ಕೊಡುತ್ತಲೇ ಇರುತ್ತದೆ, ದೂರು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಉಣ್ಣುವವರ ಹಾಗೆ.

ಹೆಂಗಸರಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಕೆಡವುವ ಕೋಶಗಳ ಕೈ ಹಿಡಿದಿರುತ್ತದೆ. ಮುಟ್ಟು ನಿಂತಾಗ ಆ ಹಿಡಿತ ತಪ್ಪುತ್ತದೆ. ನಂತರದ ಐದರಿಂದ ಏಳು ವರ್ಷಗಳಲ್ಲಿ ಮೂಳೆಯ ನೂರಕ್ಕೆ 20ರಷ್ಟು ಹೋಗುವುದೂ ಉಂಟು, ಮೊದಲ ಪೆಟ್ಟು ಒಳಗಿನ ಜಾಲಕ್ಕೆ. ಎಪ್ಪತ್ತು ದಾಟಿದ ಮೇಲೆ ಬರುವುದು ಇನ್ನೊಂದು ಬಗೆ, ಗಂಡಸರನ್ನೂ ಬಿಡುವುದಿಲ್ಲ, ಹೊರಪದರವೂ ತೆಳುವಾಗುತ್ತದೆ. ಮೂರನೆಯದು ಬೇರೆ ಕಾರಣಗಳ ಬೆನ್ನಿಗೆ ಬರುವುದು: ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆ, ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್, ಹಾಸಿಗೆ ಹಿಡಿದಿರುವುದು. (ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ತಾವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ. ವೈದ್ಯರನ್ನು ಕೇಳಿ.) ಭಾರ ಹೊರದ ಮೂಳೆ ತಾನು ಬೇಡವಾದೆ ಎಂದು ತಿಳಿಯುತ್ತದೆ. ಬಾಹ್ಯಾಕಾಶಕ್ಕೆ ಹೋದವರ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಷ್ಟೋ ಅದಕ್ಕೂ ಸ್ವಲ್ಪ ಹೆಚ್ಚೋ ಕಳೆದುಹೋಗುತ್ತದೆ.

ನನ್ನ ದೊಡ್ಡಮ್ಮನ ವಿಷಯ ಹೇಳದೆ ಇದು ಪೂರ್ತಿಯಾಗುವುದಿಲ್ಲ. ತುಮಕೂರು ಕಡೆಯ ಹಳ್ಳಿ. ರಾಗಿಮುದ್ದೆ ಉಂಡು ಬೆಳೆದವರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲಿಗಿಂತ ಎಷ್ಟೋ ಹೆಚ್ಚು. ಬಿಸಿಲಿನಲ್ಲೇ ದುಡಿದವರು. ಅವರ ಮೂಳೆ ಟೊಳ್ಳಾಗುವುದೆಂದರೇನು ಎಂದು ಎಲ್ಲರೂ ಕೇಳುತ್ತಿದ್ದರು. 36ನೇ ವಯಸ್ಸಿಗೆ ಅವರಿಗೆ ಗರ್ಭಕೋಶ ತೆಗೆಸಿದ್ದರು, ಜೊತೆಗೆ ಅಂಡಾಶಯಗಳನ್ನೂ. ಬಿಳಿಮುಟ್ಟು ಹೋಗುತ್ತದೆ ಎಂದು ಶುರುವಾದದ್ದು ಆಪರೇಷನ್ನಿನಲ್ಲಿ ಮುಗಿಯಿತು. "ಮಕ್ಕಳಾದ ಮೇಲೆ ಅದು ಇದ್ದರೆಷ್ಟು ಬಿಟ್ಟರೆಷ್ಟು" ಎಂದು ಹೇಳಿದವರೇ ಸುತ್ತ ಇದ್ದರು. ಅಂಡಾಶಯ ಹೋದರೆ ಈಸ್ಟ್ರೋಜೆನ್ ಅಂದೇ ನಿಲ್ಲುತ್ತದೆ, ಐವತ್ತರಲ್ಲಿ ಬರಬೇಕಾದ ದಿನಗಳು ಮೂವತ್ತಾರಕ್ಕೇ ಬರುತ್ತವೆ. ಅದನ್ನು ಅವರಿಗೆ ಯಾರೂ ಹೇಳಲಿಲ್ಲ. ಮುದ್ದೆಯೊಂದೇ ಅಷ್ಟನ್ನು ತಡೆಯಲಾರದು.

ಅರವತ್ತೆರಡಕ್ಕೆ ರಾಗಿ ಚೀಲವನ್ನು ಗೋಡೆಯ ಬದಿಗೆ ಸರಿಸುವಾಗ ಬೆನ್ನಿನಲ್ಲಿ 'ಕಳಕ್' ಎಂದಿತಂತೆ. ಬೀಳಲಿಲ್ಲ, ಏನೂ ಇಲ್ಲ. "ಸೊಂಟ ಬಿದ್ದೋಯ್ತು" ಎಂದು ಎಣ್ಣೆ ಹಚ್ಚಿ ನೀವಿಸಿಕೊಂಡು ಮಲಗಿದರು. ಬೆನ್ನುಮೂಳೆಯ ಮಣಿ ಕುಸಿದದ್ದು ಎಕ್ಸ್‌ರೇ ತೆಗೆಸದೆ ಯಾರಿಗೂ ಕಾಣುವುದಿಲ್ಲ. ಮುಂದಿನ ಎರಡು ವರ್ಷದಲ್ಲಿ ಬೆನ್ನು ಬಾಗುತ್ತ ಬಂತು. ಸೀರೆಯ ನೆರಿಗೆ ಮುಂದೆ ನೆಲಕ್ಕೆ ಎಳೆಯತೊಡಗಿತು. ಅಡುಗೆಮನೆಯ ಗೂಡಿನಲ್ಲಿದ್ದ ಉಪ್ಪಿನ ಭರಣಿ ಕೈಗೆಟಕದಾಯಿತು. ಗೂಡು ಅಲ್ಲೇ ಇತ್ತು, ಗಿಡ್ಡಗಾದವರು ಅವರು.

ಅವರ ಮಗ, ನನಗೆ ಅಣ್ಣನಾಗಬೇಕು, ಧ್ಯಾನ ಶಿಬಿರಗಳಿಗೆ ಹೋಗಿ ಬಂದವನು. ಅಮ್ಮ ನೋವು ಎಂದಾಗಲೆಲ್ಲ ಶಾಂತವಾಗಿ ಹೇಳುತ್ತಿದ್ದ, "ದೇಹ ಅನಿತ್ಯ ಅಮ್ಮ, ಅಂಟಿಕೋಬೇಡ." ಒಂದು ದಿನ ನಾನೂ ಇದ್ದೆ. ದೊಡ್ಡಮ್ಮ ಅವರೆಕಾಯಿ ಸುಲಿಯುತ್ತ ತಲೆ ಎತ್ತದೆ ಹೇಳಿದರು, "ಅನಿತ್ಯ ಅಂತ ನಂಗೂ ಗೊತ್ತು ಕಣಪ್ಪ. ನೋವು ಮಾತ್ರ ನಿತ್ಯ ಬರ್ತೈತಲ್ಲ, ಅದಕ್ಕೇನು ಹೇಳ್ತೀಯ?"

ಎಂ.ಎ.ಯಲ್ಲಿ ಶ್ಲೇಷಾಲಂಕಾರಕ್ಕೆ ಎಷ್ಟೋ ಉದಾಹರಣೆ ಬರೆದಿದ್ದೇನೆ. ಇದರಷ್ಟು ನಾಟಿದ್ದು ಯಾವುದೂ ಇಲ್ಲ.

ಅಣ್ಣ ಕೆಟ್ಟವನಲ್ಲ, ಅವನು ಹೇಳಿದ ಮಾತು ಸುಳ್ಳೂ ಅಲ್ಲ. ಆದರೆ ಒಂದೇ ಮಾತು ನನ್ನ ಮೈಯ ಬಗ್ಗೆ ನಾನು ಹೇಳಿಕೊಂಡರೆ ಸಾಧನೆ, ನಾನು ನೋಡಿಕೊಳ್ಳಬೇಕಾದವರ ಮೈಯ ಬಗ್ಗೆ ಹೇಳಿದರೆ ಅನುಕೂಲ. ಅಣ್ಣನಿಗೇ ಕಾಲು ಮುರಿದಿದ್ದರೆ ಅಂದೇ ಪ್ಲಾಸ್ಟರ್ ಹಾಕಿಸಿಕೊಂಡು ಬರುತ್ತಿದ್ದ. ಅದರಲ್ಲಿ ತಪ್ಪೂ ಇಲ್ಲ. ಅನಿಚ್ಚವನ್ನು ನಾವು ಎಲ್ಲರ ಮೇಲೂ ಸಮವಾಗಿ ಹಚ್ಚುತ್ತಿಲ್ಲ ಎಂಬುದಷ್ಟೇ ನನ್ನ ತಕರಾರು. ಮುದುಕಿಯರ ಮೇಲೆ ಬೇಗ ಹಚ್ಚುತ್ತೇವೆ.

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆ ಕೆಟ್ಟು ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಖುವನ್ನು ಭಗವಾನರು ನೋಡುತ್ತಾರೆ. ಯಾರೂ ಉಪಚರಿಸುತ್ತಿರಲಿಲ್ಲ. ಭಗವಾನರು ನೀರು ಹುಯ್ಯುತ್ತಾರೆ, ಆನಂದರು ತೊಳೆಯುತ್ತಾರೆ, ಇಬ್ಬರೂ ಹಿಡಿದು ಮಂಚಕ್ಕೆ ಮಲಗಿಸುತ್ತಾರೆ. ಆಮೇಲೆ ಉಳಿದವರನ್ನು ಕರೆದು ಕಾರಣ ಕೇಳಿದಾಗ ಬಂದ ಉತ್ತರ ಇಷ್ಟು: ಅವನಿಂದ ಇತರ ಭಿಕ್ಖುಗಳಿಗೆ ಏನೂ ಆಗುವುದಿಲ್ಲ, ಅದಕ್ಕೇ ನೋಡಿಕೊಳ್ಳುತ್ತಿಲ್ಲ. ಆ ಉತ್ತರ ಓದಿದಾಗ ನನಗೆ ನಮ್ಮ ಹಳ್ಳಿಗಳ ಎಷ್ಟೋ ಹಜಾರಗಳು ಕಾಣುತ್ತವೆ. ಅಲ್ಲಿ ಬುದ್ಧರು ರೋಗಿಗೆ ಅನಿಚ್ಚದ ಉಪದೇಶ ಮಾಡಲಿಲ್ಲ. ಮೊದಲು ತೊಳೆದರು. ತನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದರು.

ಅನಿಚ್ಚದ ಬದಲು 'ಕರ್ಮ' ಎಂದು ಕೈ ತೊಳೆದುಕೊಳ್ಳುವವರಿಗೂ ಉತ್ತರವಿದೆ. ಸಂಯುತ್ತ ನಿಕಾಯದಲ್ಲಿ ಮೋಳಿಯಸೀವಕ ಎಂಬ ಪರಿವ್ರಾಜಕ, ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ಏನನ್ನುತ್ತೀರಿ ಎಂದು ಕೇಳುತ್ತಾನೆ. ಬುದ್ಧರು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಇವುಗಳ ಕೂಟ, ಋತು ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು ಎಂದು ಏಳು ಕಾರಣ ಹೇಳಿ, ಎಂಟನೆಯದಾಗಿ ಕರ್ಮವನ್ನು ಇಡುತ್ತಾರೆ. ಆರನೆಯದರ ಪಾಳಿ ಹೆಸರಿನಲ್ಲಿ 'ವಿಷಮ', 'ಪರಿಹಾರ' ಎಂಬ ಎರಡು ಪದಗಳಿವೆ. ನಮ್ಮ ಕನ್ನಡದಲ್ಲಿ ಪರಿಹಾರ ಎಂದರೆ ಬೇರೆ ಅರ್ಥ, ಅಲ್ಲಿ ಪೋಷಣೆ. ಏರುಪೇರಾದ ಪೋಷಣೆ. ಮೂವತ್ತಾರಕ್ಕೆ ಬೇಡದ ಆಪರೇಷನ್, ಕೊನೆಯ ಪಂಕ್ತಿಯ ಊಟ ಎಲ್ಲವೂ ಅದರೊಳಗೆ ಬರುತ್ತವೆ.

ಮೋಹದ ಪ್ರಶ್ನೆ ಹಾಗಾದರೆ ಇಲ್ಲವೇ? ಇದೆ. ಟಿವಿ ಜಾಹೀರಾತು ನೋಡಿ ಮೂರು ಬಗೆಯ ಕ್ಯಾಲ್ಸಿಯಂ ಡಬ್ಬಿ ತಂದಿಟ್ಟುಕೊಂಡವರೂ ನಮ್ಮ ಸ್ಟಾಫ್ ರೂಮಿನಲ್ಲಿದ್ದಾರೆ. ಡೆಕ್ಸಾ ಸ್ಕ್ಯಾನಿನ ಟಿ-ಸ್ಕೋರ್ ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ಸ್ವಲ್ಪ ತೆಳುವಾಗಿದೆ ಎಂದು, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಹಾಕಿತು. ಆ ಅಂಕಿಯನ್ನೇ ಜಪ ಮಾಡುತ್ತ ಮೆಟ್ಟಿಲಿಳಿಯಲೂ ಹೆದರಿ ಕೂತರೆ, ಓಡಾಟವಿಲ್ಲದ ಮೂಳೆ ಮತ್ತಷ್ಟು ಟೊಳ್ಳಾಗುತ್ತದೆ. ಹೆದರಿಕೆಯೂ ಒಂದು ಉಪಾದಾನವೇ. ಆದರೆ ಬಡವರ ಮನೆಯ ಅರವತ್ತರ ಹೆಂಗಸಿನ ಎದುರು ನಿಂತು ಮೋಹದ ಎಚ್ಚರಿಕೆ ಕೊಡುವ ಅವಸರ ನನಗಂತೂ ಕಾಣುವುದಿಲ್ಲ.

ಮೈಯನ್ನು ಎಲುಬಾಗಿಸುವ ದಾರಿಯನ್ನು ಸಿದ್ಧಾರ್ಥರೇ ಕೊನೆಯವರೆಗೆ ಹೋಗಿ ನೋಡಿದ್ದರಲ್ಲ. ಲಾಹೋರಿನ ವಸ್ತುಸಂಗ್ರಹಾಲಯದ ಗಾಂಧಾರ ಶಿಲ್ಪದ ಚಿತ್ರವನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ, ಪಕ್ಕೆಲುಬು ಒಂದೊಂದೂ ಎಣಿಸಬಹುದು. ಆ ದಾರಿಯಲ್ಲಿ ಬೋಧಿ ಇಲ್ಲ ಎಂದು ತಿಳಿದು ಅವರು ಅನ್ನ ಉಂಡರು.

ಅದೇ ಬುದ್ಧರು ಎಂಬತ್ತರ ಹೊತ್ತಿಗೆ ತಮ್ಮ ದೇಹವನ್ನು ಪಟ್ಟಿ ಕಟ್ಟಿ ನಡೆಸುತ್ತಿರುವ ಹಳೆಯ ಗಾಡಿಗೆ ಹೋಲಿಸಿಕೊಂಡರು. ಗಾಡಿ ಹಳೆಯದು ಎಂಬುದನ್ನೂ ಒಪ್ಪಿದರು, ಪಟ್ಟಿಯನ್ನೂ ಬಿಚ್ಚಿ ಎಸೆಯಲಿಲ್ಲ. ಶ್ರಾವಸ್ತಿಯ ಪೂರ್ವಾರಾಮದಲ್ಲಿ ಒಂದು ಸಂಜೆ ಅವರು ಬೆನ್ನಿಗೆ ಪಡುವಣದ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ಆನಂದರು ಮೈಕೈ ನೀವುತ್ತ, ಚರ್ಮ ಸುಕ್ಕಾಗಿರುವುದನ್ನೂ ದೇಹ ಮುಂದಕ್ಕೆ ಬಾಗಿರುವುದನ್ನೂ ಕಂಡು ಅಚ್ಚರಿಯಿಂದ ಹೇಳಿಬಿಟ್ಟರು. ಬುದ್ಧರು ಅಲ್ಲಗಳೆಯಲಿಲ್ಲ, ಯೌವನದಲ್ಲಿ ಮುಪ್ಪು ಇದ್ದೇ ಇದೆ ಎಂದರು. ಅದು ಯಾವ ರೋಗ ಎಂದು ಹೆಸರಿಡಲು ನಾನು ಹೊರಟಿಲ್ಲ. ಬಾಗಿದ ಬೆನ್ನು, ಸಂಜೆಯ ಬಿಸಿಲು, ನೀವುವ ಕೈ, ಮುಪ್ಪಿನ ಬಗ್ಗೆ ನಿಷ್ಠುರವಾದ ಮಾತು, ಎಲ್ಲವೂ ಒಂದೇ ಜಾಗದಲ್ಲಿದ್ದವು. ಒಂದಿದ್ದರೆ ಇನ್ನೊಂದು ಬೇಡ ಎಂದು ಅಲ್ಲಿ ಯಾರಿಗೂ ಅನ್ನಿಸಲಿಲ್ಲ.

ದೊಡ್ಡಮ್ಮ ಆಮೇಲೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಆಗ ಸ್ಕ್ಯಾನ್ ಆಯಿತು, ಮೈನಸ್ 3.1. ಮುರಿದದ್ದು ಸೊಂಟವಲ್ಲ ಎಂಬುದು ಅದೃಷ್ಟ. ಸೊಂಟ ಮುರಿದ ಹಿರಿಯರಲ್ಲಿ ಸುಮಾರು ಐವರಿಗೆ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಈಗ ವಾರಕ್ಕೊಂದು ಮಾತ್ರೆ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ದೊಡ್ಡ ಲೋಟದ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ ನೆಟ್ಟಗೆ ಕೂರಬೇಕು. ಮಲಗಿದರೆ ಅನ್ನನಾಳ ಸುಡುತ್ತದೆ. "ನಿಮ್ಮ ಧ್ಯಾನ ನನಗೂ ಬಂತು" ಎಂದು ನಗುತ್ತಾರೆ. ಅಣ್ಣನೇ ಗಡಿಯಾರ ನೋಡಿ ಹೇಳುತ್ತಾನೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದಾನೆ. ಬಾಗಿದ ಬೆನ್ನು ನೆಟ್ಟಗಾಗಿಲ್ಲ, ಕುಸಿದ ಮಣಿ ಮಾತ್ರೆಯಿಂದ ಏಳುವುದಿಲ್ಲ. ಮುಂದಿನ ಮಣಿ ಕುಸಿಯದಿರಲಿ ಎಂಬುದಷ್ಟೇ ಈಗಿನ ಲೆಕ್ಕ.

ನನಗೀಗ 46. ಲೆಕ್ಕ ನನ್ನ ಬಾಗಿಲಿಗೂ ಬರುತ್ತಿದೆ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ದೇಶದ ಪೋಷಣಾ ತಜ್ಞರು 2020ರಲ್ಲಿ ಹೇಳಿದ್ದಾರೆ. ನಮ್ಮ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು 2013ರಿಂದ ಬರುತ್ತಿದೆ, ಒಬ್ಬರಿಗೆ 150 ಮಿಲಿ ಲೀಟರ್. ಎಂಟನೆಯ ತರಗತಿಗೆ ಬಂದ ಹುಡುಗಿಯರಲ್ಲಿ ಕೆಲವರು "ದಪ್ಪ ಆಗ್ತೀವಿ ಮಿಸ್" ಎಂದು ಲೋಟವನ್ನು ಗೆಳತಿಯ ಕಡೆ ಸರಿಸುತ್ತಾರೆ. ಅವರ ಮೂಳೆ ಕೂಡಿಡುವ ವಯಸ್ಸು ಅದೇ. ಅವರ ಎದುರು ನಿಂತು ನಾನು ಅನಿಚ್ಚ ಹೇಳುವುದಿಲ್ಲ, ಕುಡಿಯುವವರೆಗೂ ನಿಲ್ಲುತ್ತೇನೆ.

ಬರುವ ಭಾನುವಾರ ಮೇಲೆ ಹೇಳಿದ ಜರಾ ಸುತ್ತವನ್ನು ಓದೋಣ. ಬರುವ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಹಿರಿಯ ಹೆಂಗಸರನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ, ವಯಸ್ಸಿನಲ್ಲಿ ಎಷ್ಟಿದ್ದಿರಿ ಎಂದು ಅವರನ್ನೇ ಕೇಳಿ. ನಾಲ್ಕು ಸೆಂಟಿಮೀಟರಿನಷ್ಟು ಇಳಿದಿದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಗರ್ಭಕೋಶ ಯಾವಾಗ ತೆಗೆಸಿದರು ಎಂದೂ ಕೇಳಿ ಬರೆದುಕೊಳ್ಳಿ, ವೈದ್ಯರಿಗೆ ಅದು ಬೇಕಾಗುತ್ತದೆ. ಗಂಡಸರು ಇದನ್ನು ಹೆಂಡತಿಗೆ ವಹಿಸದೆ ತಾವೇ ಕೇಳಿದರೆ ಒಳ್ಳೆಯದು.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ.